ತಾರಸಿ ನೀರಿಗೆ ಯುಜಿಡಿ ದಾರಿಯಲ್ಲ

ಮಾನ್ಯ ಸಂಪಾದಕರೇ,

ಕೃತ್ತಿಕಾ ಮಳೆ ಎರಡು ಸಲ ಗುಡುಗಿ ಹೋಯಿತು. ಶಿವಮೊಗ್ಗದ ಹೊರ ಬಡಾವಣೆಗಳಲ್ಲಿ ವರ್ಷದ ದೂರೂ ಶುರುವಾಯಿತು: ಬಚ್ಚಲ ಜಾಲರಿಯಿಂದ ಕಪ್ಪು ನೀರು ಉಕ್ಕುತ್ತಿದೆ, ಮ್ಯಾನ್‌ಹೋಲ್ ಮುಚ್ಚಳ ಕುಣಿಯುತ್ತಿದೆ, ಯುಜಿಡಿ, ಅಂದರೆ ಮನೆಗಳ ಗಲೀಜು ನೀರಿನ ಒಳಚರಂಡಿ, ಕಟ್ಟಿಕೊಂಡಿದೆ. ಕಟ್ಟಿಕೊಂಡಿದ್ದರೆ ಬಿಸಿಲಲ್ಲೂ ಉಕ್ಕಬೇಕಿತ್ತು. ಮಳೆ ಹೊಡೆದಾಗ ಮಾತ್ರ ಉಕ್ಕಿ, ಮಳೆ ನಿಂತ ಗಂಟೆಯೊಳಗೆ ತಾನಾಗಿಯೇ ಇಳಿದರೆ ಆ ಪೈಪಿಗೆ ಮಳೆನೀರು ಸೇರುತ್ತಿದೆ ಎಂದೇ ಅರ್ಥ. ಸೇರಿಸಿದವರು ಬೇರೆ ಯಾರೂ ಅಲ್ಲ, ತಾರಸಿಯ ಕೊಳವೆಯನ್ನು ಯುಜಿಡಿಗೆ ಜೋಡಿಸಿ ಮನೆ ಕಟ್ಟಿಸಿದ ನಾವೇ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30×40 ಸೈಟಿನ ಮನೆಯ ತಾರಸಿ 80 ಚದರ ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಯಲ್ಲಿ 50 ಮಿ.ಮೀ. ಸುರಿದರೆ 4,000 ಲೀಟರ್. ಅದೇ ಮನೆಯ ನಾಲ್ಕು ಜನ, ತಲೆಗೆ 135 ಲೀಟರಿನಂತೆ ಬಳಸಿ, ಇಡೀ ದಿನದಲ್ಲಿ ಒಳಚರಂಡಿಗೆ ಬಿಡುವುದು 430 ಲೀಟರ್ ಆಸುಪಾಸು. ಅಂದರೆ ಒಂಬತ್ತು ದಿನದ ಗಲೀಜು ನೀರಿನಷ್ಟು ಒಂದೇ ಗಂಟೆಯಲ್ಲಿ ಒಳನುಗ್ಗುತ್ತದೆ. ಬೀದಿಯಡಿ ಇರುವ 6 ಇಂಚಿನ ಪೈಪು, ನೂರಕ್ಕೆ ಒಂದರ ಇಳಿಜಾರಿದ್ದರೂ, ತುಂಬಿ ಹರಿದಾಗ ಸಾಗಿಸುವುದು ಸೆಕೆಂಡಿಗೆ ಸುಮಾರು 15 ಲೀಟರ್. ಒಂದು ತಾರಸಿಯಿಂದ ಸೆಕೆಂಡಿಗೆ 1.1 ಲೀಟರ್ ಬರುತ್ತದೆ. 30 ಮನೆಗಳ ಬೀದಿಯಲ್ಲಿ ಅರ್ಧ ಮನೆಯವರು ಹೀಗೆ ಜೋಡಿಸಿದರೂ ಸಾಕು, ಪೈಪು ಬಾಯ್ತನಕ ಭರ್ತಿ. ಮುಂದಿನ ನೀರು ತಗ್ಗಿನಲ್ಲಿರುವವರ ಬಚ್ಚಲಲ್ಲಿ ಏಳುತ್ತದೆ. ತಪ್ಪು ಮಾಡುವುದು ದಿಬ್ಬದ ಮನೆ, ದಂಡ ತೆರುವುದು ಇಳಿಜಾರಿನ ಮನೆ.

ಇದು ಆಷಾಢದ ಜಿಟಿಜಿಟಿ ಮಳೆಯ ಕೆಲಸವೂ ಅಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ನಮ್ಮೂರಿಗೆ ಬರುವಷ್ಟರಲ್ಲಿ ಅದರ ಏಳನೇ ಒಂದು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ನಮಗೆ ತೊಂದರೆ ಕೊಡುವುದು ಮೇ ಮತ್ತು ಅಕ್ಟೋಬರಿನ ಗುಡುಗು ಮಳೆ, ಮುಕ್ಕಾಲು ಗಂಟೆಯಲ್ಲಿ ಬಂದು ಹೋಗುವಂಥದ್ದು. 2019ರ ಆಗಸ್ಟಿನಂತೆ ತುಂಗೆ ತುಂಬಿ ಊರೊಳಗೆ ಬರುವುದು ಬೇರೆಯೇ ಮಾತು.

ಜನ ಯಾಕೆ ಹೀಗೆ ಜೋಡಿಸುತ್ತಾರೆ? ಬರೀ ಸೋಮಾರಿತನ ಎನ್ನಲಾಗದು. ಬೊಮ್ಮನಕಟ್ಟೆ, ಆಲ್ಕೊಳ, ಅಬ್ಬಲಗೆರೆ ಎನ್ನುವಾಗ ಕಟ್ಟೆ, ಕೊಳ, ಕೆರೆ ನಾಲಗೆಯ ಮೇಲೇ ಇವೆ. ಸುತ್ತಲಿನ ಎಷ್ಟೋ ಲೇಔಟುಗಳು ಎದ್ದದ್ದು ಗದ್ದೆ ಬಯಲಿನ ಮೇಲೆ. ಅದರ ಮೇಲೆ ರಸ್ತೆ. ಹಳೆಯದನ್ನು ಅಗೆಯದೆ ಹೊಸ ಕಾಂಕ್ರೀಟು ಸುರಿದಾಗಲೆಲ್ಲ ರಸ್ತೆ ಆರೆಂಟು ಇಂಚು ಏರುತ್ತದೆ, ಜೊತೆಗೆ ಚರಂಡಿಯ ಅಂಚೂ ಏರುತ್ತದೆ. ಕಟ್ಟಿದಾಗ ರಸ್ತೆಗಿಂತ ಒಂದಡಿ ಮೇಲಿದ್ದ ಅಂಗಳ ಎರಡು ಕಾಮಗಾರಿಯಲ್ಲಿ ರಸ್ತೆಯ ಮಟ್ಟಕ್ಕೆ, ಮೂರನೆಯದರಲ್ಲಿ ಅದಕ್ಕಿಂತ ಕೆಳಕ್ಕೆ ಬರುತ್ತದೆ. ಆಗ ಅಂಗಳದ ನೀರಿಗೆ ಹೋಗಲು ಜಾಗವಿಲ್ಲ. ಕಾಂಪೌಂಡಿನ ಪಕ್ಕದಲ್ಲಿ ಯುಜಿಡಿ ಚೇಂಬರ್ ಮೂರಡಿ ಆಳದಲ್ಲಿ ಬಾಯ್ಬಿಟ್ಟು ಕೂತಿರುತ್ತದೆ. ಪ್ಲಂಬರ್ ಒಂದು ಎಲ್ಬೋ ಹಾಕಿದರೆ ಸಮಸ್ಯೆ ಮುಗಿಯಿತು, ಅಂದರೆ ಮುಂದಿನ ಮನೆಗೆ ಹೋಯಿತು.

ನಿಮ್ಮ ಮನೆಯ ಜೋಡಣೆ ಹೇಗಿದೆಯೋ ಗೊತ್ತಿಲ್ಲದಿದ್ದರೆ ಚೇಂಬರ್ ಮುಚ್ಚಳ ತೆಗೆದಿಟ್ಟು, ತಾರಸಿಯ ಕೊಳವೆಗೆ ಎರಡು ಬಕೆಟ್ ಅರಿಶಿನದ ನೀರು ಸುರಿಯಿರಿ. ಹಳದಿ ಎಲ್ಲಿ ಕಂಡಿತು ನೋಡಿ. ಚೇಂಬರಿನಲ್ಲಿ ಕಂಡರೆ ಪೈಪನ್ನು ನೆಲದಿಂದ ಒಂದಡಿ ಮೇಲೆ ಕತ್ತರಿಸಿ, ಚೇಂಬರಿಗೆ ಹೋಗುವ ತುಂಡಿಗೆ ಎಂಡ್ ಕ್ಯಾಪ್ ಅಂಟಿಸಿ. ಬಟ್ಟೆ ತುರುಕಿ ಬಿಡಬೇಡಿ, ಜಿರಲೆ, ವಾಸನೆ ಎರಡೂ ಬರುತ್ತವೆ. ಮೇಲಿನ ತುಂಡಿನಿಂದ 4 ಇಂಚಿನ ಪೈಪನ್ನು ರಸ್ತೆ ಬದಿಯ ಮಳೆ ಚರಂಡಿಗೆ ಒಯ್ಯಿರಿ, ಪ್ರತಿ 10 ಅಡಿಗೆ ಒಂದೂಕಾಲು ಇಂಚು ಇಳಿಸಿ. ಪಾರದರ್ಶಕ ಟ್ಯೂಬಿಗೆ ನೀರು ತುಂಬಿ ಮಟ್ಟ ನೋಡುವುದು ಯಾವ ಗಾರೆ ಮೇಸ್ತ್ರಿಗೂ ಗೊತ್ತು. ಅಂಗಳ ತಗ್ಗಿದ್ದರೂ ತಾರಸಿಯ ನೀರನ್ನು ಹೀಗೆ ಮೇಲಿನಿಂದಲೇ ದಾಟಿಸಬಹುದು ಎಂಬುದನ್ನು ಬಹಳ ಜನ ಯೋಚಿಸಿರುವುದಿಲ್ಲ. ಅದು ನೆಲಕ್ಕೆ ಇಳಿಯಲೇಬೇಕೆಂದಿಲ್ಲ.

ತಾರಸಿಯ ನೀರನ್ನು ಸಂಪ್‌ಗೆ, ಅಂದರೆ ನೆಲದಡಿಯ ತೊಟ್ಟಿಗೆ, ಬಿಡುವವರಿಗೆ ಒಂದು ಎಚ್ಚರಿಕೆ. ತಾರಸಿಯ ಧೂಳು, ಹಕ್ಕಿ ಹಿಕ್ಕೆ, ಹೊಂಗೆ ಹೂವು ತೊಳೆದು ಬರುವ ಮೊದಲ ಒಂದು ಮಿ.ಮೀ. ಮಳೆಯನ್ನು ಹೊರಗೆ ಬಿಡಬೇಕು. ನಮ್ಮ ಲೆಕ್ಕದ ತಾರಸಿಗೆ ಅದು 80 ಲೀಟರ್. ಇದಕ್ಕೆಂದು ಅನೇಕ ಕಡೆ ನಿಲ್ಲಿಸುವ ಮೂರಡಿಯ 4 ಇಂಚಿನ ಪೈಪು ಹಿಡಿಯುವುದು ಏಳೆಂಟು ಲೀಟರ್! ಹಳೆಯ 200 ಲೀಟರಿನ ಡ್ರಮ್ಮು, ತಳದಲ್ಲಿ ಒಂದು ನಲ್ಲಿ, ಅಷ್ಟೇ ಸಾಕು. ಮಳೆ ನಿಂತ ಮೇಲೆ ಅದನ್ನು ಖಾಲಿ ಮಾಡಬೇಕು. ಇಂಗುಗುಂಡಿ ದಿಬ್ಬದ ಜಂಬಿಟ್ಟಿಗೆ ನೆಲದಲ್ಲಿ ಚೆನ್ನಾಗಿ ಕುಡಿಯುತ್ತದೆ. ಗದ್ದೆ ಬಯಲಿನಲ್ಲಿ ಜುಲೈಗೆ ಅದೇ ಬಾವಿಯಾಗಿ ನಿಂತಿರುತ್ತದೆ, ಅದನ್ನು ನಂಬಬೇಡಿ.

ತಗ್ಗಿನ ಮನೆಯವರು ಚೇಂಬರಿಗೆ, ಹೊರಗಿನ ನೀರು ಹಿಂದಕ್ಕೆ ಬಾರದಂತೆ ಮುಚ್ಚಿಕೊಳ್ಳುವ ನಾನ್ ರಿಟರ್ನ್ ವಾಲ್ವ್ ಹಾಕಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಹೊರಗಿನ ನೀರು ಒತ್ತಿ ಬಾಗಿಲು ಮುಚ್ಚಿಕೊಂಡಾಗ ನಿಮ್ಮ ಮನೆಯ ನೀರೂ ಹೊರಗೆ ಹೋಗುವುದಿಲ್ಲ. ನಿಮ್ಮದೇ ತಾರಸಿ ಆ ಚೇಂಬರಿಗೆ ಸೇರಿದ್ದರೆ ಆಗ ಬಚ್ಚಲು ತುಂಬುವುದು ನಿಮ್ಮದೇ ಮಳೆಯಿಂದ. ಹಾಗಾಗಿ ಮೊದಲು ತಾರಸಿ ಬಿಡಿಸಿ, ಆಮೇಲೆ ವಾಲ್ವ್. ಕೂದಲು, ಬಟ್ಟೆ ಚೂರು ಸಿಕ್ಕಿ ಬಾಗಿಲು ಅರ್ಧ ತೆರೆದೇ ನಿಲ್ಲುವುದುಂಟು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ತೊಳೆಯಬೇಕು.

ರಸ್ತೆಯಲ್ಲಿ ನೀರು ನಿಂತಾಗ ಹಾರೆ ತಂದು ಮ್ಯಾನ್‌ಹೋಲ್ ಮುಚ್ಚಳ ಎಬ್ಬಿಸುವ ಉತ್ಸಾಹಿಗಳಿಗೂ ಇದೇ ಮಾತು: ಮಳೆನೀರಿಗೆ ಯುಜಿಡಿ ದಾರಿಯಲ್ಲ. ಕೆಂಪು ನೀರಿನಡಿ ತೆರೆದ ಗುಂಡಿ ಕಾಣುವುದಿಲ್ಲ, ಮನುಷ್ಯ ಬೀಳುತ್ತಾನೆ. ಒಳಗೆ ಹೋದ ಮರಳು ಪೈಪಿನ ತಳದಲ್ಲಿ ಕೂರುತ್ತದೆ, ಆಗ ನಿಜವಾಗಿಯೂ ಕಟ್ಟಿಕೊಳ್ಳುತ್ತದೆ. ಉಕ್ಕಿದ ಗಲೀಜು ಮಳೆ ಚರಂಡಿ ಸೇರಿ ತುಂಗೆಗೆ ಇಳಿದು ಕೂಡಲಿಯ ಕಡೆಗೆ ಹೋಗುತ್ತದೆ. ತುಂಗಾ ಪಾನ ಎನ್ನುವವರು ಆ ಕೆಳಗಿನ ಊರುಗಳಲ್ಲೂ ಇದ್ದಾರೆ.

ನಗರಾಡಳಿತದಲ್ಲಿ ನಮ್ಮ ಕೋರಿಕೆ ಎರಡು. ರಸ್ತೆ ಮರುಹಾಸುವಾಗ ಹಳೆಯ ಪದರ ಕೆರೆದು ತೆಗೆಯುವುದನ್ನು ಟೆಂಡರಿನಲ್ಲೇ ಬರೆಯಲಿ. ಎರಡನೆಯದು ಹೊಗೆ ಪರೀಕ್ಷೆ: ಒಣ ದಿನದಲ್ಲಿ ಬೀದಿಯ ಎರಡು ತುದಿಯ ಮ್ಯಾನ್‌ಹೋಲ್ ಬಳಿ ಪೈಪನ್ನು ಮರಳು ಚೀಲದಿಂದ ಮುಚ್ಚಿ, ನಡುವೆ ಬ್ಲೋವರಿನಿಂದ ಹೊಗೆ ಊದಿದರೆ, ಜೋಡಿಸಿಕೊಂಡ ಮನೆಗಳ ತಾರಸಿ ಕೊಳವೆಯಲ್ಲಿ ಹೊಗೆ ಏಳುತ್ತದೆ. ಗಾಳಿ ಹೋಗಲೆಂದೇ ಇರುವ ವೆಂಟ್ ಪೈಪಿನಲ್ಲಿ ಎಲ್ಲರ ಮನೆಯಲ್ಲೂ ಏಳುತ್ತದೆ, ಅದನ್ನು ತಪ್ಪೆಂದು ಬರೆದುಕೊಳ್ಳಬಾರದು. ಹಿಂದಿನ ದಿನ ಮನೆಮನೆಗೆ ತಿಳಿಸಿ, ನೆಲದ ಜಾಲರಿಯಡಿ ನೀರು ನಿಂತು ವಾಸನೆ ತಡೆಯುವ ನಹಾನಿ ಟ್ರ್ಯಾಪಿಗೆ ಒಂದು ಚೊಂಬು ನೀರು ಹಾಕಿಡಲು ಹೇಳಬೇಕು, ಇಲ್ಲದಿದ್ದರೆ ಅಡುಗೆಮನೆಯಲ್ಲಿ ಹೊಗೆ ಕಂಡು ಜನ ಅಗ್ನಿಶಾಮಕಕ್ಕೆ ಫೋನು ಮಾಡುತ್ತಾರೆ. ಸಿಕ್ಕಿದವರಿಗೆ ಮೊದಲೇ ದಂಡ ಬೇಡ, ಹದಿನೈದು ದಿನ ಕೊಡಲಿ. ರೋಹಿಣಿ ಮಳೆಗೆ ಮುಂಚೆ ಒಂದು ಬೀದಿಯಲ್ಲಾದರೂ ಮಾಡಿ ನೋಡಲಿ.

— ಬಡಾವಣೆಯ ಕೆಲವು ನಿವಾಸಿಗಳು, ಶಿವಮೊಗ್ಗ