ಸಂಗೀತಶಾಸ್ತ್ರದ ಓದಿಗೆ ಹೊರಟಿರುವ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ವಿದ್ವತ್ ಪರೀಕ್ಷೆ ಮುಗಿದ ಮೇಲೆ ಇಲ್ಲಿಯೇ ಸಂಗೀತಶಾಸ್ತ್ರದಲ್ಲಿ ಎಂ.ಎ. ಮಾಡುವುದೋ, ಹೊರದೇಶಕ್ಕೆ ಹೋಗಿ ಎಥ್ನೋಮ್ಯೂಸಿಕಾಲಜಿ (ಸಂಗೀತವನ್ನು ಅದನ್ನು ಹಾಡುವ, ನುಡಿಸುವ ಜನರ ಬದುಕಿನೊಡನೆ ಇಟ್ಟು ನೋಡುವ ಅಧ್ಯಯನ) ಓದುವುದೋ ಎಂದು ಕೇಳಿದ್ದೀಯೆ. ಮೊದಲನೆಯದು ಶಾಸ್ತ್ರೀಯ ಸಂಗೀತಕ್ಕೆ, ಎರಡನೆಯದು ಜನಪದರ ಹಾಡಿಗೆ ಎಂದು ನೀನು ಭಾಗ ಮಾಡಿಕೊಂಡಿರುವಂತೆ ಕಾಣುತ್ತದೆ. ಆ ಭಾಗವನ್ನು ನಾನು ಒಪ್ಪಲಾರೆ. ಒಂದೇ ಸಂಗೀತವನ್ನು ಎರಡೂ ಓದುಗಳು ಎತ್ತಿಕೊಳ್ಳಬಹುದು; ಅದರ ಮುಂದಿಡುವ ಪ್ರಶ್ನೆ ಮಾತ್ರ ಬೇರೆಯಾಗುತ್ತದೆ. ಹದಿನೇಳನೆಯ ಶತಮಾನದ ಶಾಸ್ತ್ರಕಾರ ವೆಂಕಟಮಖಿಯು ಚತುರ್ದಂಡೀ ಪ್ರಕಾಶಿಕೆ ಎಂಬ ಗ್ರಂಥದಲ್ಲಿ 72 ಮೇಳಗಳನ್ನು, ಅಂದರೆ ರಾಗಗಳಿಗೆ ಮೂಲವಾದ ಸ್ವರಶ್ರೇಣಿಗಳನ್ನು, ಯಾವ ತರ್ಕದಿಂದ ಕಟ್ಟಿದ ಎಂದು ಒಬ್ಬ ಕೇಳಿದರೆ, ತೋಡಿ ರಾಗದ ಗಾಂಧಾರ ಸ್ವರವನ್ನು ಬರಹದ ನೆರವಿಲ್ಲದೆ ಗುರು ಶಿಷ್ಯನ ಕಿವಿಗೆ ಹೇಗೆ ದಾಟಿಸುತ್ತಾರೆ, ಆ ಪಾಠಕ್ಕೆ ಯಾರಿಗೆಲ್ಲ ಪ್ರವೇಶವಿತ್ತು ಎಂದು ಇನ್ನೊಬ್ಬ ಕೇಳುತ್ತಾನೆ.

ಈ ಎರಡು ಪ್ರಶ್ನೆಗಳೂ ಹತ್ತಿರ ಹತ್ತಿರದಲ್ಲೇ ಹುಟ್ಟಿದವು. 1885ರಲ್ಲಿ ವಿಯೆನ್ನಾದ ಗೀಡೋ ಆಡ್ಲರ್ ಸಂಗೀತದ ಅಧ್ಯಯನಕ್ಕೆ ಒಂದು ಶಾಸ್ತ್ರದ ಚೌಕಟ್ಟನ್ನು ಹಾಕಿಕೊಟ್ಟರು. ಅದೇ ವರ್ಷ ಇಂಗ್ಲೆಂಡಿನ ಅಲೆಕ್ಸಾಂಡರ್ ಎಲ್ಲಿಸ್, ಒಂದು ಸ್ಥಾಯಿಯನ್ನು ಸೆಂಟು ಎಂಬ 1200 ಸಮಭಾಗಗಳಾಗಿ ಅಳೆಯುವ ಕ್ರಮದಿಂದ ಬೇರೆ ಬೇರೆ ದೇಶಗಳ ಸ್ವರಶ್ರೇಣಿಗಳನ್ನು ಹೋಲಿಸಿದರು. 1900ರಲ್ಲಿ ಬರ್ಲಿನ್ನಿನ ಧ್ವನಿಸಂಗ್ರಹ ಆರಂಭವಾದಾಗ, ವಿದ್ವಾಂಸರು ಬಹುಮಟ್ಟಿಗೆ ಇತರರು ಧ್ವನಿಮುದ್ರಿಸಿ ತಂದುಕೊಟ್ಟ ಮೇಣದ ಸಿಲಿಂಡರುಗಳನ್ನೇ ಕೇಳಿ ಬರೆಯುತ್ತಿದ್ದರು. ಹಾಡಿದವರನ್ನು ಕಾಣದೆ ಹಾಡನ್ನು ವಿವರಿಸುವ ಈ ಕ್ರಮ ಸಾಲದೆಂದು ಕಂಡುಕೊಳ್ಳಲು ದಶಕಗಳೇ ಹಿಡಿದವು. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ಮ್ಯಾಂಟಲ್ ಹುಡ್ ಅವರು, ಯಾವ ಸಂಗೀತದ ಬಗ್ಗೆ ಬರೆಯುತ್ತೀಯೋ ಅದನ್ನು ಕೈಯಲ್ಲಿ, ಕಂಠದಲ್ಲಿ ಕಲಿ ಎಂದು ವಿದ್ಯಾರ್ಥಿಗಳನ್ನು ಕೂರಿಸಿದರು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಟಿ. ವಿಶ್ವನಾಥನ್, ಟಿ. ರಂಗನಾಥನ್ ಸೋದರರು ಕರ್ನಾಟಕ ಸಂಗೀತದ ಪಾಠ ಹೇಳಿದರು. ವ್ಯಾಸರಾಯರ ದೇವರನಾಮವನ್ನು ಮನಮುಟ್ಟುವಂತೆ ಹಾಡಿದ ಅಮೆರಿಕದ ಗಾಯಕ ಜಾನ್ ಹಿಗಿನ್ಸ್ ಅಲ್ಲಿ ಕಲಿತವರೇ. ಭರತನಾಟ್ಯದ ಸಂಗೀತವನ್ನು ಕುರಿತು ಪ್ರೌಢಪ್ರಬಂಧವನ್ನೂ ಬರೆದರು. ವರ್ಷಗಳ ಗುರುಕುಲದ ಕಲಿಕೆ ಇರುವ ನಿನಗೆ ಈ ಭಾಗ ಈಗಾಗಲೇ ಕೈಗೂಡಿದೆ.

ನೀನು ಬರೆದಿರುವ, ಮಂಟೇಸ್ವಾಮಿ ಪರಂಪರೆಯ ಜನಪದ ಗಾಯಕರಾದ ನೀಲಗಾರರ ವಿಷಯವನ್ನು ದಯವಿಟ್ಟು ಬಿಡಬೇಡ. ಮಂಟೇಸ್ವಾಮಿಯ ಕಥೆಯನ್ನು ಅವರು ತಂಬೂರಿ, ಡಗ್ಗ, ತಾಳಗಳೊಂದಿಗೆ ರಾತ್ರಿಯಿಡೀ ಹಾಡುತ್ತಾರೆ. ನಮ್ಮಲ್ಲಿ ಇಂಥ ಹಾಡುಗಳನ್ನು ಸಂಗ್ರಹಿಸಿದವರು ಹೆಚ್ಚಾಗಿ ಸಾಹಿತ್ಯ ಮತ್ತು ಜಾನಪದದ ಅಧ್ಯಾಪಕರು. ಅವರ ಉಪಕಾರ ದೊಡ್ಡದು. ಆದರೆ ಅಚ್ಚಾಗಿ ಉಳಿದದ್ದು ಪಠ್ಯ, ಮಟ್ಟು ಬಹುಪಾಲು ದಾಖಲಾಗಲಿಲ್ಲ. ಸಂಗೀತ ವಿಭಾಗಗಳು ಇದನ್ನು ತಮ್ಮ ವಿಷಯವೆಂದು ಭಾವಿಸಿದ್ದು ಕಡಿಮೆ. ಹಾಗಾಗಿ ಮುಖ್ಯ ಗಾಯಕ ಮಾತಿನಿಂದ ಹಾಡಿಗೆ ಯಾವ ಘಟ್ಟದಲ್ಲಿ ಹೊರಳುತ್ತಾನೆ, ಹಿಮ್ಮೇಳದವರು ಸೊಲ್ಲನ್ನು ಎಲ್ಲಿ ಎತ್ತಿಕೊಳ್ಳುತ್ತಾರೆ, ಲಯ ಚುರುಕಾಗಬೇಕೆಂದು ತೀರ್ಮಾನಿಸುವವರು ಯಾರು, ಹೊಸಬನ ತಪ್ಪನ್ನು ಹಿರಿಯರು ಏನೆಂದು ತಿದ್ದುತ್ತಾರೆ ಎಂಬ ಪ್ರಶ್ನೆಗಳು ನಿನ್ನಂಥವನಿಗಾಗಿ ಕಾದಿವೆ. ಅಲ್ಲಿಯೂ ಶಾಸ್ತ್ರವಿದೆ, ಅದನ್ನು ಬಲ್ಲವರು ಹಾಡುಗಾರರು. ಅವರನ್ನು ಮಾಹಿತಿದಾರರೆಂದು ಕರೆದು ಮುಗಿಸದೆ, ನಿನ್ನ ಗುರುಗಳ ಮುಂದೆ ಕುಳಿತ ಹಾಗೆಯೇ ಅವರ ಮುಂದೆಯೂ ಕುಳಿತುಕೋ. ಅವರ ಹಾಡನ್ನು ನಮ್ಮ ಸ್ವರಲಿಪಿಯಲ್ಲಿ ಬರೆಯಲು ಹೊರಟಾಗ ತೊಡಕು ತಾನಾಗಿಯೇ ಎದುರಾಗುತ್ತದೆ: ಹೇಗೆ ಹಾಡಬೇಕೆಂದು ಬಲ್ಲವನಿಗೆ ನೆನಪು ಮಾಡಿಕೊಡುವ ಬರಹ ನಮ್ಮದು, ಏನು ಹಾಡಿದರೆಂದು ತಿಳಿಸುವುದಕ್ಕೆ ಅದು ಸಾಲದು. ಈ ಎರಡು ಬಗೆಯ ಬರವಣಿಗೆಯ ವ್ಯತ್ಯಾಸವನ್ನು ಅಮೆರಿಕದ ಸಂಗೀತಶಾಸ್ತ್ರಜ್ಞ ಚಾರ್ಲ್ಸ್ ಸೀಗರ್ 1958ರಲ್ಲೇ ಚರ್ಚಿಸಿದ್ದಾರೆ. ಮೊದಲು ಅದನ್ನು ಓದು.

ಧ್ವನಿಮುದ್ರಣ ಮಾಡಿಕೊಂಡು ಬಂದುಬಿಟ್ಟರೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಡಚ್ ವಿದ್ವಾಂಸ ಆರ್ನಲ್ಡ್ ಬಾಕೆ ಅವರ ಉದಾಹರಣೆಯನ್ನು ನೆನೆಯುತ್ತೇನೆ. 1938ರ ಸುಮಾರಿಗೆ ಅವರು ದಕ್ಷಿಣ ಭಾರತದಲ್ಲಿ ಮುದ್ರಿಸಿಕೊಂಡ ಹಾಡು, ಕುಣಿತಗಳನ್ನು ಅವರ ಶಿಷ್ಯ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ 1984ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳಿಗೆ ಮರಳಿ ತಂದು, ಆ ಸಮುದಾಯಗಳಲ್ಲಿ ಏನು ಉಳಿದಿದೆ, ಏನು ಬದಲಾಗಿದೆ ಎಂದು ಹುಡುಕಿದರು. ಜೈರಾಜ್‌ಭಾಯ್ ಅವರ ಶ್ರಮದಿಂದಲೇ 1982ರಲ್ಲಿ ಎಥ್ನೋಮ್ಯೂಸಿಕಾಲಜಿಯ ಸಂಗ್ರಹ ಮತ್ತು ಸಂಶೋಧನಾ ಕೇಂದ್ರವೂ ಆರಂಭವಾಯಿತು. ಅದು ಈಗ ಗುರುಗ್ರಾಮದಲ್ಲಿದೆ. ವಿದೇಶದ ಸಂಗ್ರಹಗಳಲ್ಲಿದ್ದ ನಮ್ಮ ಸಂಗೀತದ ಪ್ರತಿಗಳನ್ನು ಇಲ್ಲಿಗೆ ತರುವುದು ಅದರ ಉದ್ದೇಶಗಳಲ್ಲೊಂದು. ಅರ್ಜಿ ಹಾಕುವ ಮುನ್ನ ಅಲ್ಲಿಗೆ ಹೋಗಿ ಕೆಲವು ದಿನ ಕೇಳುತ್ತಾ ಕೂರು.

ಹಣದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಪಿಎಚ್.ಡಿ.ಗೆ ಸಾಮಾನ್ಯವಾಗಿ ವೇತನ ದೊರೆಯುತ್ತದೆ, ಬದಲಿಗೆ ಪಾಠ ಹೇಳಬೇಕಾಗುತ್ತದೆ. ತರಗತಿ, ಅರ್ಹತಾ ಪರೀಕ್ಷೆ, ಕ್ಷೇತ್ರಕಾರ್ಯ, ಬರವಣಿಗೆ ಎಲ್ಲ ಸೇರಿ ಐದಾರು ವರ್ಷ ಹಿಡಿಯುತ್ತದೆ. ಬ್ರಿಟನ್ನಿನಲ್ಲಿ ಅವಧಿ ಕಡಿಮೆ, ಆದರೆ ಪ್ರಶ್ನೆ ಮೊದಲೇ ಸ್ಪಷ್ಟವಾಗಿರಬೇಕು. ಎಂ.ಎ.ಗೆ ಎಲ್ಲಿಯೂ ನೆರವು ಸುಲಭವಾಗಿ ಸಿಗದು. ಆದ್ದರಿಂದ ಅದನ್ನು ಇಲ್ಲಿಯೇ ಮುಗಿಸಿ, ಆ ಎರಡು ವರ್ಷಗಳಲ್ಲಿ ನೀಲಗಾರರ ಊರುಗಳಿಗೆ ಹೋಗಿಬರುವುದು ಮೇಲೆಂದು ನನ್ನ ಅಭಿಪ್ರಾಯ. ವಿಶ್ವವಿದ್ಯಾಲಯದ ಹೆಸರಿಗಿಂತ ಮೊದಲು ನಿನಗೆ ಮಾರ್ಗದರ್ಶಕರಾಗಬಲ್ಲ ಪ್ರಾಧ್ಯಾಪಕರು ಈಚೆಗೆ ಏನು ಬರೆದಿದ್ದಾರೆಂದು ನೋಡು. ಉದ್ದೇಶಪತ್ರದ ಕರಡನ್ನು ನನಗೆ ಕಳಿಸಿಕೊಡು. ಅದರ ಮೊದಲ ಪುಟದಲ್ಲಿಯೇ ನೀಲಗಾರರ ಬಗ್ಗೆ ನಿನಗಿರುವ ಒಂದು ಪ್ರಶ್ನೆ ಸ್ಪಷ್ಟವಾಗಿ ಬಂದಿರಲಿ.

ಪ್ರೀತಿಯಿಂದ,
ನಿನ್ನ ಗೆಳೆಯ