ಎಸ್‌.ಪಿ. ರಸ್ತೆಯಲ್ಲಿ ಸಿಕ್ಕ ಅಣ್ಣನಿಗೆ

ಶನಿವಾರ ಸಂಜೆ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಕಟ್ಟೆಯ ಮೇಲೆ ನನ್ನ ಎಚ್‌ಸಿ-05 ಬ್ಲೂಟೂತ್ ಮಾಡ್ಯೂಲ್ (ಫೋನಿನಿಂದ ಫ್ಯಾನು ಹಾಕಲು ಜೋಡಿಸುವ ಪುಟ್ಟ ಬೋರ್ಡು) ಸರಿಮಾಡಿಕೊಟ್ಟ ಅಣ್ಣಾ, ನಿಮಗೆ ತುಂಬು ಹೃದಯದ ಧನ್ಯವಾದ. ಗಡಿಬಿಡಿಯಲ್ಲಿ ಹೆಸರೂ ಕೇಳಲಿಲ್ಲ. ಎರಡು ವಾರದಿಂದ ಎಟಿ ಕಮಾಂಡಿಗೆ (ಮಾಡ್ಯೂಲಿನ ಸೆಟ್ಟಿಂಗ್ ಬದಲಿಸುವ ಆದೇಶಕ್ಕೆ) ಉತ್ತರವೇ ಇಲ್ಲದೆ ಹೊಸದು ಕೊಳ್ಳಲು ಬಂದಿದ್ದೆ. "ಇದು ಕೆಟ್ಟಿಲ್ಲಮ್ಮ, ದುಡ್ಡು ಯಾಕೆ ದಂಡ?" ಅಂದಿರಿ. ಪುಟ್ಟ ಗುಂಡಿಯನ್ನು ಉಗುರಿನಿಂದ ಒತ್ತಿ ಹಿಡಿದೇ ಪವರ್ ಕೊಟ್ಟಿರಿ. ಪಟಪಟ ಮಿನುಗುತ್ತಿದ್ದ ಕೆಂಪು ದೀಪ ಎರಡೆರಡು ಸೆಕೆಂಡಿಗೆ ನಿಧಾನವಾಗಿ ಹೊತ್ತಿ ಆರತೊಡಗಿತು. ಬಾಡ್ ರೇಟ್ (ಡೇಟಾ ಹೋಗುವ ವೇಗ) 9600 ಅಲ್ಲ, 38400 ಎಂದಿರಿ. ಪರದೆ ಮೇಲೆ 'ಓಕೆ' ಬಂತು! ಆರ್‌ಎಕ್ಸ್ (ಡೇಟಾ ಪಡೆಯುವ) ಪಿನ್ನಿಗೆ ನೇರ 5 ವೋಲ್ಟ್ ಬೇಡ, 3.3 ಸಾಕು ಅಂತ, ವೋಲ್ಟೇಜ್ ಇಳಿಸಲು ನಿಮ್ಮ ಚೀಲದಿಂದಲೇ 1 ಕೆ, 2 ಕೆ ರೆಸಿಸ್ಟರ್ ತೆಗೆದು ಬ್ರೆಡ್‌ಬೋರ್ಡಿಗೆ ಚುಚ್ಚಿದಿರಿ, ಕಾಸು ಮುಟ್ಟಲಿಲ್ಲ. ಈಗ ನಮ್ಮಜ್ಜಿ ಮಲಗಿದಲ್ಲಿಂದಲೇ ಫೋನ್ ಒತ್ತಿ ಫ್ಯಾನು ಹಾಕಿಕೊಳ್ಳುತ್ತಾರೆ.