ಗದ್ದೆ ನೋಡಲು ಬರುವವರು ಗದ್ದೆಯಲ್ಲೇ ಉಣ್ಣಲಿ: ಕೊಪ್ಪಳ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಗಂಗಾವತಿ ತಾಲೂಕಿನ ಆನೆಗೊಂದಿ ಭಾಗದಲ್ಲಿ ನನಗೆ ಎರಡು ಎಕರೆ ಜಮೀನಿದೆ. ಒಂದೂವರೆ ಎಕರೆ ಭತ್ತ, ಉಳಿದದ್ದು ಬಾಳೆ. ನಮ್ಮ ಗದ್ದೆ ಮುಂದಿನ ರಸ್ತೆಯಲ್ಲೇ ಜನ ಅಂಜನಾದ್ರಿಗೆ ಹೋಗುತ್ತಾರೆ. ಶನಿವಾರ, ಭಾನುವಾರ ರಸ್ತೆ ದಾಟಲಿಕ್ಕೂ ಕಾಯಬೇಕು, ಅಷ್ಟು ಗಾಡಿ. 575 ಮೆಟ್ಟಿಲು ಹತ್ತಿ ಹನುಮಪ್ಪನಿಗೆ ಕೈ ಮುಗಿಯುತ್ತಾರೆ. ಮೇಲಿಂದ ನಮ್ಮ ಹಸಿರು ಗದ್ದೆಗಳ ಫೋಟೊ ತೆಗೆಯುತ್ತಾರೆ. ಆಮೇಲೆ ಸಾಣಾಪುರ ಕೆರೆ ನೋಡಿಕೊಂಡು ಹಂಪಿ ದಾರಿ ಹಿಡಿಯುತ್ತಾರೆ. ಆ ಫೋಟೊದಲ್ಲಿರುವ ಗದ್ದೆಯವನಿಗೆ ಅದರಿಂದ ಒಂದು ರೂಪಾಯಿಯೂ ಇಲ್ಲ.

ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ಒಂದು ಕುಟುಂಬ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಲು ನಮ್ಮ ಬದುವಿನ ಹತ್ತಿರ ಕಾರು ನಿಲ್ಲಿಸಿತು. ನನ್ನ ಹೆಂಡತಿ ಪುಂಡಿಸೊಪ್ಪು ಬಿಡಿಸುತ್ತಾ ಕೂತಿದ್ದಳು. ಇಲ್ಲೇ ಉಣ್ಣಿರಿ ಎಂದಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಮಜ್ಜಿಗೆ. ಬೇವಿನ ಮರದ ನೆರಳಲ್ಲಿ ಎರಡು ತಾಸು ಕೂತರು. ಮಕ್ಕಳು ಕಾಲುವೆಯಲ್ಲಿ ಕಾಲಿಟ್ಟು ಎದ್ದು ಬರಲೇ ಒಲ್ಲೆ ಅಂದವು. ಬೇಡ ಅಂದರೂ ದುಡ್ಡು ಕೊಟ್ಟರು. ಹೋಗುವಾಗ ನಾವು ಮನೆಗೆಂದು ಇಟ್ಟುಕೊಂಡಿದ್ದ ಅಕ್ಕಿಯಲ್ಲಿ ಹತ್ತು ಕೆಜಿ ಕೇಳಿ ಒಯ್ದರು. ಈಗಲೂ ಅಕ್ಕಿ ಬೇಕು ಎಂದು ಫೋನ್ ಮಾಡುತ್ತಾರೆ.

ಆ ದಿನದಿಂದ ನನ್ನ ತಲೆಯಲ್ಲಿ ಇದೇ ಲೆಕ್ಕ. ನಾವು ಭತ್ತವನ್ನು 75 ಕೆಜಿ ಚೀಲದ ಲೆಕ್ಕದಲ್ಲಿ ಮಾರುತ್ತೇವೆ. ನನಗೆ ಕಳೆದ ಸಲ ಸಿಕ್ಕಿದ್ದು ಚೀಲಕ್ಕೆ 1,700 ರೂಪಾಯಿ. ಅದೇ ಚೀಲ ಮಿಲ್ಲಿಗೆ ಹಾಕಿಸಿದರೆ ಸುಮಾರು 45 ಕೆಜಿ ಅಕ್ಕಿ. ಮನೆ ಬಾಗಿಲಿಗೇ ಬಂದವರು ಕೆಜಿಗೆ 55 ರೂಪಾಯಿ ಕೊಟ್ಟರೂ 2,475 ಆಯಿತು. ಊಟದ್ದು ಬೇರೆ. ವಾರಕ್ಕೆ ಇಪ್ಪತ್ತು ಜನ ಬಂದು ತಲೆಗೆ 250 ಕೊಟ್ಟರೆ 5,000 ರೂಪಾಯಿ. ಅರ್ಧ ಖರ್ಚಿಗೆ ಹೋಗಲಿ. ಚಳಿಗಾಲದ ಹದಿನಾರು ವಾರಕ್ಕೆ 40,000 ರೂಪಾಯಿ ಉಳಿಯುತ್ತದೆ. ದೊಡ್ಡವರಿಗೆ ಇದು ಸಣ್ಣ ಮೊತ್ತ ಇರಬಹುದು. ಎರಡು ಎಕರೆಯವನಿಗೆ ಇದು ಗೊಬ್ಬರದಂಗಡಿಯ ಸಾಲ ತೀರಿಸುವ ಹಣ. ಅದೂ ಬಹುಪಾಲು ಹೆಣ್ಣುಮಕ್ಕಳ ಕೈಗೇ ಬರುವ ಹಣ.

ನೀರಿನ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಒಂದು ವಾರ ನಮಗೆ ನಿದ್ದೆ ಇರಲಿಲ್ಲ. ಎರಡನೇ ಬೆಳೆಗೆ ನೀರು ಬರದಿದ್ದರೆ ನಾವು ಸುಮ್ನೆ ಕೂರಬೇಕು, ಇಲ್ಲವೇ ಕೂಲಿಗೆ ಹೋಗಬೇಕು. ಅದೇ ತಿಂಗಳುಗಳಲ್ಲಿ ಇಲ್ಲಿಗೆ ಜನ ಬರುವುದು ಜಾಸ್ತಿ, ಅಲ್ವಾ?

ನಮಗೆ ರೆಸಾರ್ಟ್ ಬೇಡ. ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟ್ ಕಟ್ಟಡಗಳು ನೆಲಕ್ಕುರುಳಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ವಿಶ್ವ ಪರಂಪರೆಯ ಜಾಗದಲ್ಲಿ ಕಟ್ಟಡ ಕಟ್ಟಬಾರದು ಎಂಬುದು ಸರಿ. ಆದರೆ ಹಗಲಲ್ಲಿ ಬಂದು, ಗದ್ದೆ ನೋಡಿ, ಉಂಡು, ಸಂಜೆಗೆ ಹೋಗುವವರಿಗೆ ಕಟ್ಟಡ ಯಾಕೆ? ಮರದ ನೆರಳು ಸಾಕು. ನಾಟಿ ಕಾಲದಲ್ಲಿ ಕೆಸರಿಗಿಳಿಯಲಿ. ಬಾಳೆ ನಾರಿನಿಂದ ನಮ್ಮ ಹೆಣ್ಣುಮಕ್ಕಳು ಚೀಲ, ಬುಟ್ಟಿ ಮಾಡುವುದನ್ನು ಪಕ್ಕದಲ್ಲೇ ಕೂತು ಕಲಿಯಲಿ.

ಒಂದು ಕಚೇರಿಯಲ್ಲಿ ಇದನ್ನೇ ವಿಚಾರಿಸಿದೆ. ಹೋಂಸ್ಟೇಗೆ ಅರ್ಜಿ ಇದೆ, ಬರೀ ಗದ್ದೆ ತೋರಿಸಿ ಊಟ ಹಾಕುವವರಿಗೆ ಇಲ್ಲ ಅಂದರು. ಮಹಾರಾಷ್ಟ್ರ 2020ರಲ್ಲೇ ಕೃಷಿ ಪ್ರವಾಸೋದ್ಯಮಕ್ಕೆ ಪ್ರತ್ಯೇಕ ನೀತಿ ತಂದಿದೆ. ಅಲ್ಲಿ ಒಂದು ಎಕರೆ ಇದ್ದವರೂ ನೋಂದಣಿ ಮಾಡಿಸಬಹುದು. ನಮ್ಮಲ್ಲಿ ಅಷ್ಟು ದೊಡ್ಡದು ಆಗುವವರೆಗೆ ಕಾಯುವುದು ಬೇಡ. ಹಗಲು ಹೊತ್ತಿನ ರೈತ ಆತಿಥ್ಯ ಎಂದು ಒಂದು ಪುಟದ ಅರ್ಜಿ ಮಾಡಿಸಿ, ಪಂಚಾಯಿತಿಯಲ್ಲೇ ನೋಂದಣಿಯಾಗಲಿ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಹತ್ತಿರ ಪ್ರವಾಸಿಗರ ಮೇಲೆ ನಡೆದ ಕ್ರೌರ್ಯಕ್ಕೆ ಈ ಭಾಗವೇ ತಲೆ ತಗ್ಗಿಸಿತು. ಹಾಗಾಗಿ ಯಾರ ಹೊಲಕ್ಕೆ ಯಾರು ಬಂದರು ಎಂಬ ಲೆಕ್ಕ ಪೊಲೀಸರ ಹತ್ತಿರ ಇರುವುದು ನಮಗೂ ಬೇಕು. ಹೆಣ್ಣುಮಕ್ಕಳು ಬಂದಾಗ ಬಳಸಲು ಹೊಲದ ಹತ್ತಿರ ಒಂದು ಶೌಚಾಲಯಕ್ಕೆ ಸಹಾಯಧನ ಕೊಡಿಸಿ. ಅಂಜನಾದ್ರಿಯ ಪಾರ್ಕಿಂಗ್ ಜಾಗದಲ್ಲಿ ಇಂಥ ಹೊಲಗಳ ದಾರಿ ತೋರಿಸುವ ಒಂದು ಬೋರ್ಡ್ ಇರಲಿ. ಬೇರೆಯವರು ಬಂದು ನಮ್ಮ ಹೊಲ ಲೀಸಿಗೆ ಹಿಡಿದು ಈ ವ್ಯಾಪಾರ ಮಾಡದಂತೆ, ಪಹಣಿಯಲ್ಲಿ ಹೆಸರಿದ್ದು ಸ್ವತಃ ಉಳುವವರಿಗೆ ಮಾತ್ರ ಈ ನೋಂದಣಿ ಕೊಡಿ. ಇದೊಂದು ಮಾತು ಮರೆಯಬೇಡಿ.

ಡಿಸೆಂಬರ್ ಹೊತ್ತಿಗೆ ವ್ರತ ಮುಗಿಸಿ ಅಂಜನಾದ್ರಿಯಲ್ಲಿ ಹನುಮಮಾಲೆ ತೆಗೆಯುವವರು ಸಾವಿರಗಟ್ಟಲೆ ಬರುತ್ತಾರೆ. ಅದಕ್ಕೂ ಮುಂಚೆ ಒಂದು ಸಭೆ ಕರೆಯಿರಿ. ಕೊಪ್ಪಳದಲ್ಲಿ ಬೇಡ, ಆನೆಗೊಂದಿಯಲ್ಲೇ ಕರೆಯಿರಿ. ಹೊಲದ ಕೆಲಸ ಮುಗಿಸಿ ಹೆಂಗಸರೂ ಬರುವ ಹಾಗೆ ಸಂಜೆ ಹೊತ್ತಿಗೆ ಇಡಿ.

ಇಂತಿ ನಿಮ್ಮ ವಿಶ್ವಾಸಿ,
ಆನೆಗೊಂದಿ ಭಾಗದ ಒಬ್ಬ ಸಣ್ಣ ರೈತ